‘ಏನೂ ಇಲ್ಲ’ ಮಾಡುವ ವಿಧಾನ

ಮದುವೆಯಾದ ಹೊಸತರಲ್ಲಿ ಒಂದು ಬೆಳಿಗ್ಗೆ ಕನ್ನಡಕದವರು ಹೆಂಡತಿಯನ್ನು ಕೇಳಿದ್ದರು: “ತಿಂಡಿ ಏನು?”

“ಏನೂ ಇಲ್ಲ” ಎಂದು ಅಡುಗೆಮನೆಯಿಂದ ಉತ್ತರ ಬಂತು.

ಕನ್ನಡಕದವರು ಸುಸಂಸ್ಕೃತರು. ಏನೂ ಇಲ್ಲದ ಮನೆಯಲ್ಲಿ ಏನಾದರೂ ಕೇಳಿ ಹೊಸ ಹೆಂಡತಿಯ ಮನಸ್ಸು ನೋಯಿಸಬಾರದೆಂದು, “ಪರವಾಗಿಲ್ಲ, ನನಗೆ ಹಸಿವೇ ಇಲ್ಲ” ಎಂದು ಉದಾರವಾಗಿ ಸುಳ್ಳು ಹೇಳಿ, ಚಪ್ಪಲಿ ಮೆಟ್ಟಿಕೊಂಡು ಬೀದಿಯ ತಿರುವಿನಲ್ಲಿದ್ದ ತಮ್ಮ ಕನ್ನಡಕದ ಅಂಗಡಿಗೆ ನಡೆದುಬಿಟ್ಟರು. ಅಂದು ಅವರ ಹೊಟ್ಟೆ ಮಾಡಿದ ಸದ್ದು ಕೇಳಿ, ಕಣ್ಣು ಪರೀಕ್ಷೆಗೆ ಬಂದಿದ್ದ ಗಿರಾಕಿಯೊಬ್ಬರು ಹೊರಗೆ ಗುಡುಗುತ್ತಿದೆಯೆಂದು ತಿಳಿದು ಕೊಡೆ ಸಾಲ ಕೇಳಿದರಂತೆ. ಮಧ್ಯಾಹ್ನ ಮನೆಗೆ ಬಂದರೆ ಮೇಜಿನ ಮೇಲೆ, ಬೆಣ್ಣೆಯಲ್ಲಿ ಹೊಂಬಣ್ಣಕ್ಕೆ ಕಾಯಿಸಿದ ಬ್ರೆಡ್ಡು ತಣ್ಣಗಾಗಿ ಕೂತಿತ್ತು. ಅದರ ಪಕ್ಕದಲ್ಲಿ ಹೆಂಡತಿ ಬಿಸಿಬಿಸಿಯಾಗಿ ಕೂತಿದ್ದರು.

“ನೀನೇ ತಾನೆ ಏನೂ ಇಲ್ಲ ಅಂದಿದ್ದು?”

“ಏನೂ ಇಲ್ಲ ಅಂದ್ರೆ ಏನೂ ಇಲ್ಲ ಅಂತಾನಾ ಅರ್ಥ? ವಿಶೇಷ ಏನೂ ಇಲ್ಲ ಅಂತ. ಬ್ರೆಡ್ಡು, ಬೆಣ್ಣೆ, ಮೇಲೆ ಒಂಚೂರು ಸಕ್ಕರೆ. ಅದನ್ನ ತಿಂಡಿ ಅಂತ ಡಂಗುರ ಹೊಡೀಬೇಕಿತ್ತಾ?”

ಕನ್ನಡಕದವರು ಅಂದೇ ಪಾಠ ಕಲಿತರು. (ತಪ್ಪು ಪಾಠ. ಆದರೆ ಅದು ತಪ್ಪೆಂದು ಗೊತ್ತಾಗಲು ತಲೆಗೂದಲು ಬೆಳ್ಳಗಾಗಬೇಕಾಯಿತು.) ‘ಏನೂ ಇಲ್ಲ’ ಎಂದರೆ, ಮಾಡಲು ಏನೂ ಇಲ್ಲದ್ದು, ತಾನಾಗಿಯೇ ಆಗುವಂಥದ್ದು, ಬೆಳಗಾದರೆ ಕಿಟಕಿಯಲ್ಲಿ ಬಿಸಿಲು ಬೀಳುವ ಹಾಗೆ ತಟ್ಟೆಯಲ್ಲಿ ಬೀಳುವಂಥದ್ದು ಎಂದು ಅವರು ಅರ್ಥ ಮಾಡಿಕೊಂಡರು. ಅಂದಿನಿಂದ ಅವರ ಮನೆಯ ಪ್ರತಿ ಬೆಳಗೂ ಏನೂ ಇಲ್ಲದ್ದರಿಂದಲೇ ತುಂಬಿತು. ಹಾಲಿನಲ್ಲಿ ಕಿವುಚಿದ ಬಾಳೆಹಣ್ಣು, ಅದರ ಮೇಲೆ ನೂಲಿನಂತೆ ಎಳೆದ ಜೇನು. ಬಿಸಿಲು ಹೆಚ್ಚಾದ ದಿನ ನಿಂಬೆಯ ಪಾನಕ. ಮನಸ್ಸು ಸರಿಯಿಲ್ಲದ ದಿನ ಮತ್ತದೇ ಹೊಂಬಣ್ಣದ ಬ್ರೆಡ್ಡು. ಯಾವುದರಲ್ಲೂ ಮೂರಕ್ಕಿಂತ ಹೆಚ್ಚು ಸಾಮಾನಿಲ್ಲ. ಕನ್ನಡಕದವರು ತಿಂದರು, ಬಾಯಿ ಒರೆಸಿಕೊಂಡರು, ಹೊರಟರು. ಊರಿಗೆಲ್ಲ ಕಣ್ಣು ಕಾಣಿಸುವಂತೆ ಮಾಡುವ ಮನುಷ್ಯ. ಮನೆಯಲ್ಲಿ ಮಾತ್ರ ತಟ್ಟೆಯ ಆಚೆಗೆ ಏನೂ ಕಾಣುತ್ತಿರಲಿಲ್ಲ.

ಹೀಗಿರುವಾಗ ಮನೆಯಾಕೆ ಬಿದ್ದು ಕೈ ಮುರಿದುಕೊಂಡರು.

ಆಕೆ ಗ್ರಂಥಾಲಯದಲ್ಲಿ ಮೇಡಂ. ಮಾತೇ ಆಡದೆ ಒಂದು ಕೆಮ್ಮಿನಲ್ಲಿ ಇಡೀ ಓದುಕೊಠಡಿಯನ್ನು ಹದ್ದುಬಸ್ತಿನಲ್ಲಿಡುವವರು. ಮೇಲಿನ ಕಪಾಟಿನ ದಪ್ಪ ನಿಘಂಟೊಂದನ್ನು ಇಳಿಸಲು ಸ್ಟೂಲು ಹತ್ತಿ, ನಿಘಂಟಿನ ಸಮೇತ ತಾವೂ ಇಳಿದರು. ಬಲಗೈಗೆ ಪ್ಲಾಸ್ಟರು ಬಿತ್ತು. ಒಲೆ ಮುಟ್ಟಕೂಡದು, ಪಾತ್ರೆ ಎತ್ತಕೂಡದು ಎಂದು ಮೂಳೆ ಡಾಕ್ಟರು ಹೇಳಿದರು.

ಸುದ್ದಿ ತಿಳಿದದ್ದೇ ತಡ, ಮನೆಯಾಕೆಯ ಅಕ್ಕ ಪ್ರತ್ಯಕ್ಷರಾದರು. ಇವರು ಶಾಲೆಯಲ್ಲಿ ಡ್ರಿಲ್ ಟೀಚರಾಗಿದ್ದು ನಿವೃತ್ತರಾದವರು. ಸೀಟಿ ಕತ್ತಿನಿಂದ ಇಳಿದಿದ್ದರೂ ಗಂಟಲಿನಿಂದ ಇಳಿದಿರಲಿಲ್ಲ.

“ಇವಳನ್ನ ನಮ್ಮನೆಗೆ ಕರ್ಕೊಂಡು ಹೋಗ್ತೀನಿ” ಎಂದರು ಡ್ರಿಲ್ ಮೇಡಂ. “ಕೈ ಕೂಡೋವರೆಗೂ ಅಲ್ಲೇ ಇರ್ಲಿ. ಎಲ್ಲಾನೂ ಬೇಯಿಸಿ ಹಾಕ್ತೀನಿ. ಎಣ್ಣೆ ಇಲ್ಲ, ಉಪ್ಪಿಲ್ಲ, ಪೂರ್ತಿ ಆರೋಗ್ಯ.”

ಮನೆಯಾಕೆಯ ಮುಖ ಸಣ್ಣಗಾಯಿತು. ಕನ್ನಡಕದವರು ಅದನ್ನು ನೋಡಿದರು, ಮತ್ತು ಕರಗಿಹೋದರು. ‘ಪಾಪ, ನನ್ನನ್ನು ಬಿಟ್ಟಿರಬೇಕಲ್ಲ ಎಂಬ ಸಂಕಟ’ ಎಂದುಕೊಂಡರು. ನಿಜ ಹೇಳಬೇಕೆಂದರೆ ಆಕೆ ಇಲ್ಲದ ಮನೆಯನ್ನು ನೆನೆದು ಅವರ ಎದೆಯೇ ಧಸಕ್ಕೆಂದಿತ್ತು. ಬೆಳಿಗ್ಗೆ ಎದ್ದು ‘ತಿಂಡಿ ಏನು’ ಎಂದು ಕೇಳಿದರೆ ‘ಏನೂ ಇಲ್ಲ’ ಎನ್ನಲು ಕೂಡ ಯಾರೂ ಇಲ್ಲದ ಮನೆ!

“ಎಲ್ಲೂ ಹೋಗಬೇಕಾಗಿಲ್ಲ, ನಾನು ನೋಡ್ಕೊತೀನಿ” ಎಂದರು ಎದೆ ಸೆಟೆಸಿ.

“ನೀವಾ? ನೀರು ಕಾಯ್ಸೋದು ಗೊತ್ತಾ?”

“ಅಕ್ಕಾವ್ರೇ, ಇಷ್ಟು ವರ್ಷದಿಂದ ನೋಡ್ತಿದೀನಿ. ಅದರಲ್ಲಿ ಏನಿದೆ? ಏನೂ ಇಲ್ಲ! ಮೂರೇ ಸಾಮಾನು.”

ಡ್ರಿಲ್ ಮೇಡಂ ಕಣ್ಣು ಕಿರಿದು ಮಾಡಿದರು. “ಸರಿ. ಭಾನುವಾರ ಬೆಳಿಗ್ಗೆ ಬರ್ತೀನಿ, ಪೆಟ್ಟಿಗೆ ಸಮೇತ. ತಿನ್ನೋಕೆ ಒಂದು, ಕುಡಿಯೋಕೆ ಒಂದು, ಬಾಯಿ ಸಿಹಿಗೆ ಒಂದು ಮಾಡಿಕೊಡಿ. ಚೆನ್ನಾಗಿದ್ರೆ ಇವಳು ಇಲ್ಲೇ. ಇಲ್ದಿದ್ರೆ ನನ್ ಜೊತೆ. ಮತ್ತೆ, ಇವಳು ಸಹಾಯ ಮಾಡೋ ಹಾಗಿಲ್ಲ. ಕೈಯಿಂದ್ಲೂ ಇಲ್ಲ, ಬಾಯಿಂದ್ಲೂ ಇಲ್ಲ. ತುಟಿ ಬಿಚ್ಚಿದ್ರೆ ಔಟ್!”

ಅವರು ಹೋದ ಮೇಲೆ ಕನ್ನಡಕದವರು ಮೆಲ್ಲಗೆ ಹೆಂಡತಿಯ ಬಳಿ ಕೂತರು.

“ಸುಮ್ನೆ ಕೇಳ್ತೀನಿ... ಬೆಣ್ಣೆ ಎಷ್ಟು ಹಾಕ್ತೀಯ?”

“ಸ್ವಲ್ಪ.”

“ಸ್ವಲ್ಪ ಅಂದ್ರೆ?”

“ಸಾಕಾಗುವಷ್ಟು.”

“ಎಷ್ಟು ಹೊತ್ತು ಕಾಯಿಸ್ಬೇಕು?”

“ಆಗೋವರೆಗೆ.”

“ಆಯ್ತು ಅಂತ ಹೇಗೆ ಗೊತ್ತಾಗತ್ತೆ?”

ಮನೆಯಾಕೆ ಗಂಡನನ್ನು ಒಮ್ಮೆ ಮರುಕದಿಂದ ನೋಡಿದರು. “ಗೊತ್ತಾಗತ್ತೆ” ಎಂದರು.

ಭಾನುವಾರ ಬಂತು, ಡ್ರಿಲ್ ಮೇಡಂ ಬಂದರು. ಬಾಗಿಲ ಬಳಿ ದೊಡ್ಡ ಪೆಟ್ಟಿಗೆಯೊಂದನ್ನಿಟ್ಟು, ಅಡುಗೆಮನೆ ಪೂರ್ತಿ ಕಾಣುವಂತೆ ಊಟದ ಮೇಜಿಗೆ ಕೂತರು. ಅದು ತಂಗಿಯ ಬಟ್ಟೆ ತುಂಬಿಕೊಳ್ಳಲು ತಂದ ಖಾಲಿ ಪೆಟ್ಟಿಗೆಯೆಂದು ಕನ್ನಡಕದವರು ತಿಳಿದರು. ಮನೆಯಾಕೆ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲಿಟ್ಟು, ತೊಡೆಯ ಮೇಲೆ ಕಾದಂಬರಿಯೊಂದನ್ನು ಬಿಡಿಸಿಕೊಂಡು ಕೂತರು. ಕನ್ನಡಕದವರು ಅಂಗಡಿಯ ಬಿಳಿ ಕೋಟು ತೊಟ್ಟು ರಣರಂಗ ಪ್ರವೇಶಿಸಿದರು.

ಮೊದಲ ಶತ್ರು ಡಬ್ಬಿಗಳು. ಅವುಗಳ ಮೇಲೆ ಅಚ್ಚುಕಟ್ಟಾದ ಚೀಟಿ ಅಂಟಿಸಿದ್ದವರು ಸ್ವತಃ ಕನ್ನಡಕದವರೇ. ದೂರದಿಂದಲೂ ಓದಬಹುದಾದ, ದೃಷ್ಟಿಪರೀಕ್ಷೆಯ ಫಲಕದಂಥ ಅಕ್ಷರ. ಆದರೆ ‘ಸಕ್ಕರೆ’ಯಲ್ಲಿ ಅಂಗಿಯ ಗುಂಡಿಗಳಿದ್ದವು. ‘ಚಹಾ’ದಲ್ಲಿ ರಬ್ಬರ್ ಬ್ಯಾಂಡು. ‘ಉಪ್ಪಿ’ನಲ್ಲಿ ಹಳೆಯ ಬೀಗದ ಕೈ. ಗ್ರಂಥಾಲಯದಲ್ಲಿ ಒಂದು ಪುಸ್ತಕ ಅತ್ತಿತ್ತ ಸರಿದರೂ ಸಹಿಸದ ಮನೆಯಾಕೆ, ಮನೆಗೆ ಬಂದೊಡನೆ ಆ ಶಿಸ್ತನ್ನು ಚಪ್ಪಲಿಯೊಂದಿಗೆ ಹೊರಗೆ ಬಿಡುತ್ತಿದ್ದರೆಂದು ಕಾಣುತ್ತದೆ. ಕೊನೆಗೆ ಚೀಟಿಯಿಲ್ಲದ ಎರಡು ಡಬ್ಬಿಗಳು ಉಳಿದವು. ಎರಡರಲ್ಲೂ ಬಿಳಿ ಪುಡಿ. ಕನ್ನಡಕದವರು ಒಂದನ್ನು ಎತ್ತಿಕೊಂಡರು.

ಬಾಗಿಲಿನಿಂದ ಒಂದು ಕೆಮ್ಮು ಬಂತು.

ಕನ್ನಡಕದವರು ತಕ್ಷಣ ಡಬ್ಬಿ ಕೆಳಗಿಟ್ಟು, ಒಂದು ಲೋಟ ನೀರು ತಂದು ಹೆಂಡತಿಗೆ ಕೊಟ್ಟರು. “ಪಾಪ, ಕುಡಿ.”

ಮನೆಯಾಕೆ ಕುಡಿದರು. ಅವರು ಮರಳಿ ಅದೇ ಡಬ್ಬಿ ಎತ್ತಿದರು. ಮತ್ತೆ ಕೆಮ್ಮು. ಮತ್ತೆ ನೀರು.

“ನೆಗಡಿನೂ ಹಿಡಿಸಿದೀರಾ ನನ್ ತಂಗಿಗೆ?” ಎಂದರು ಡ್ರಿಲ್ ಮೇಡಂ.

ಮೂರನೆಯ ಲೋಟ ಹಿಡಿದು ಬಂದ ಗಂಡನನ್ನು ಮನೆಯಾಕೆ ಹೇಗೆ ನೋಡಿದರೆಂದರೆ, ಓದುಕೊಠಡಿಯಲ್ಲಿ ಕಡಲೆ ಮೆಲ್ಲುವವರು ಅಂಥ ನೋಟಕ್ಕೆ ಕಡಲೆಯ ಜೊತೆ ಹಲ್ಲನ್ನೂ ನುಂಗಿಬಿಡುತ್ತಿದ್ದರು. ಆಗ ಕನ್ನಡಕದವರ ತಲೆಯಲ್ಲಿ ದೀಪ ಹತ್ತಿತು. ಅವರು ಡಬ್ಬಿಗಳ ಬಳಿ ಹೋಗಿ, ಅಂಗಡಿಯಲ್ಲಿ ಗಿರಾಕಿಯ ಮೂಗಿನ ಮೇಲೆ ಗಾಜು ಬದಲಿಸುವ ದನಿಯಲ್ಲಿ ಗುನುಗತೊಡಗಿದರು: “ಇದು ಸ್ಪಷ್ಟವೋ...” ಕೆಮ್ಮು. “...ಇದು ಸ್ಪಷ್ಟವೋ?” ಮೌನ.

“ಏನದು ಗೊಣಗಾಟ?”

“ಕಸುಬಿನ ಅಭ್ಯಾಸ, ಅಕ್ಕಾವ್ರೇ.”

ಸಕ್ಕರೆ ಸಿಕ್ಕಿತು.

ಆದರೆ ಒಲೆಯ ಮುಂದೆ ಅವರ ಬಾಯಿ ಸುಮ್ಮನಿರಲಿಲ್ಲ. ಉರಿಯ ಮಹತ್ವದ ಬಗ್ಗೆ, ಅಗ್ನಿಯನ್ನು ಅಂಕೆಯಲ್ಲಿಡುವುದರಲ್ಲಿ ಮಾನವನು ತೋರಿದ ಧೀಮಂತಿಕೆಯ ಬಗ್ಗೆ ಅವರು ಮೇಜಿನ ಕಡೆ ತಿರುಗಿ ಉಪನ್ಯಾಸ ಕೊಡುತ್ತಿರುವಾಗಲೇ ಬೆನ್ನ ಹಿಂದಿನ ಬ್ರೆಡ್ಡು ಹೊಗೆಯ ಮೂಲಕ ತನ್ನ ಆಕ್ಷೇಪಣೆ ಸಲ್ಲಿಸಿತು. ಮೊದಲ ಕಂತು ಇದ್ದಿಲಾಯಿತು. ಡ್ರಿಲ್ ಮೇಡಂ ತುಟಿಯಂಚಿನಲ್ಲಿ ನಕ್ಕು, ಪೆಟ್ಟಿಗೆಯ ಕಡೆ ನೋಡಿದರು. ಕನ್ನಡಕದವರೂ ಅತ್ತ ನೋಡಿದರು. ಇನ್ನು ಕೊಂಚ ಹೊತ್ತಿಗೆ ಹೆಂಡತಿಯ ಬಟ್ಟೆ ಆ ಪೆಟ್ಟಿಗೆ ಸೇರುತ್ತದೆ. ಸಂಜೆ ಈ ಮನೆಯಲ್ಲಿ ತಾವು ಮತ್ತು ಗುಂಡಿಗಳ ಡಬ್ಬಿ, ಇಬ್ಬರೇ.

ಎರಡನೆಯ ಕಂತಿಗೆ ಬೆಣ್ಣೆ ಕರಗಿತು. ಉರಿ ದೊಡ್ಡದು ಮಾಡಲು ಹೋದರೆ ಕೆಮ್ಮು. ಸಣ್ಣದು ಮಾಡಿದರೆ ಮೌನ. ಬ್ರೆಡ್ಡು ಬಾಣಲೆಗೆ ಇಳಿಯಿತು. ಈಗ ಯಾವಾಗ ತಿರುವಬೇಕು? ಅವರು ಓರೆಗಣ್ಣಿನಿಂದ ಬಾಗಿಲ ಕಡೆ ನೋಡಿದರು. ಮನೆಯಾಕೆ ಓದುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಆಕೆ ಪುಟ ತಿರುವಿದರು.

ಕನ್ನಡಕದವರು ಬ್ರೆಡ್ಡು ತಿರುವಿದರು.

ಅಡಿಯಲ್ಲಿ ಹೊಂಬಣ್ಣ! ಅದನ್ನು ಕಂಡು ಅವರಿಗೆ ಕಣ್ಣೀರು ಬರುವುದೊಂದು ಬಾಕಿ. ಆಕೆ ಮತ್ತೊಂದು ಪುಟ ತಿರುವಿದರು. ಇವರು ಮತ್ತೊಮ್ಮೆ ಬ್ರೆಡ್ಡು ತಿರುವಿದರು. ದಾಂಪತ್ಯದಲ್ಲಿ ಇಂಥ ಹೊಂದಾಣಿಕೆ ಮದುವೆಯ ಫೋಟೋದಲ್ಲೂ ಕಂಡಿರಲಿಲ್ಲ. ಅಷ್ಟರಲ್ಲಿ ಕಾದಂಬರಿಯ ಕಥೆ ರಂಗೇರಿತೋ ಏನೋ, ಮನೆಯಾಕೆ ನಿಜವಾಗಿಯೂ ಓದಿನಲ್ಲಿ ಮುಳುಗಿಹೋದರು. ಪುಟಗಳು ಸರಸರನೆ ತಿರುಗತೊಡಗಿದವು. ಕನ್ನಡಕದವರೂ ಬಿಡಲಿಲ್ಲ. ಬ್ರೆಡ್ಡು ಸರ್ಕಸ್ಸಿನ ಹುಡುಗಿಯಂತೆ ಆ ಕಡೆ, ಈ ಕಡೆ, ಮತ್ತೆ ಆ ಕಡೆ ಹಾರಿತು. ಬೆವರು ಕನ್ನಡಕದವರ ಮೂಗಿನಿಂದ ತೊಟ್ಟಿಕ್ಕಿತು.

“ಏನ್ರೀ, ಅದನ್ನ ಡ್ರಿಲ್ ಮಾಡಿಸ್ತಿದೀರಾ?” ಎಂದರು ಡ್ರಿಲ್ ಮೇಡಂ, ವೃತ್ತಿಗೌರವದ ದನಿಯಲ್ಲಿ.

ಆ ದನಿಗೆ ಎಚ್ಚೆತ್ತ ಮನೆಯಾಕೆ ಬಾಣಲೆಯ ಕಡೆ ನೋಡಿ, ಪಟ್ಟನೆ ಪುಸ್ತಕ ಮುಚ್ಚಿದರು. ಕನ್ನಡಕದವರು ಪಟ್ಟನೆ ಒಲೆ ಆರಿಸಿದರು.

ತಟ್ಟೆಯಲ್ಲಿ ಬಂದ ಬ್ರೆಡ್ಡು ಎರಡೂ ಬದಿಗೆ ಒಂದೇ ಬಣ್ಣ, ಅಂಚು ಗರಿಗರಿ, ಮೇಲೆ ಸಕ್ಕರೆ ಮಿಣಮಿಣ. ಪಾನಕದಲ್ಲಿ ನಿಂಬೆಯ ಬೀಜಗಳು ಈಜುತ್ತಿದ್ದವು, ಆದರೆ ರುಚಿ ತಪ್ಪಿರಲಿಲ್ಲ. (ಸಕ್ಕರೆ ಸುರಿಯುವಾಗ ಕೆಮ್ಮು ಬಂದಲ್ಲಿಗೆ ಚಮಚ ನಿಂತಿತ್ತು.) ಬಾಳೆಹಣ್ಣು, ಹಾಲು, ಜೇನು ಇವುಗಳಿಗೆ ಒಲೆಯ ಹಂಗಿಲ್ಲದ್ದರಿಂದ ಕನ್ನಡಕದವರು ಸ್ವಂತ ಪ್ರತಿಭೆಯಿಂದಲೇ ಕಿವುಚಿ ಗೆದ್ದರು.

ಡ್ರಿಲ್ ಮೇಡಂ ಒಂದು ಚೂರು ತಿಂದರು. ಇನ್ನೊಂದು ಚೂರು ತಿಂದರು. ಆಮೇಲೆ ಮೇಜಿನ ಮೇಲೆ ತಂಗಿಗೆಂದು ಇಟ್ಟಿದ್ದ ತಟ್ಟೆಗೂ ಕೈ ಹಾಕಿದರು. ಬಟ್ಟಲಿನ ತಳದ ಜೇನನ್ನು ಬೆರಳಲ್ಲಿ ಬಳಿದು ಚೀಪಿ, ದೊಡ್ಡ ಉಸಿರು ಬಿಟ್ಟರು.

“ಇವಳನ್ನ ಕರ್ಕೊಂಡು ಹೋಗಲ್ಲ.”

ಕನ್ನಡಕದವರು ಬಿಳಿ ಕೋಟಿನ ಕಾಲರು ಸರಿಪಡಿಸಿಕೊಂಡರು. “ನಾನು ಮೊದಲೇ ಹೇಳಲಿಲ್ವೇ ಅಕ್ಕಾವ್ರೇ? ಇದರಲ್ಲಿ ಏನೂ ಇಲ್ಲ. ಮನಸ್ಸಿಟ್ಟು ಮಾಡಿದರೆ ಗಂಡಸಿಗೆ ಅಸಾಧ್ಯ ಯಾವುದು? ನೀವು ಯಾವಾಗ ಬೇಕಾದ್ರೂ ಬನ್ನಿ. ದಿನಾ ಬನ್ನಿ!”

ಬಾಗಿಲಲ್ಲಿ ಕೆಮ್ಮು ಬಂತು. ಗೆಲುವಿನ ಅಮಲಿನಲ್ಲಿದ್ದವರಿಗೆ ಕೇಳಿಸಲಿಲ್ಲ.

“ದಿನಾ ಬರೋದು ಯಾಕೆ?” ಎಂದರು ಡ್ರಿಲ್ ಮೇಡಂ. “ಇಲ್ಲೇ ಇದ್ದುಬಿಡ್ತೀನಿ. ಇವಳ ಕೈ ಕೂಡೋವರೆಗೂ. ನನಗೂ ಒಬ್ಬಳೇ ಬೇಯಿಸಿಕೊಂಡು ತಿಂದು ತಿಂದು ನಾಲಿಗೆ ಸತ್ತುಹೋಗಿದೆ.” ಎದ್ದು ಹೋಗಿ ಪೆಟ್ಟಿಗೆ ತೆರೆದರು. ಖಾಲಿ ಎಂದುಕೊಂಡಿದ್ದ ಪೆಟ್ಟಿಗೆಯ ತುಂಬ ಅವರದೇ ಬಟ್ಟೆ, ಚಪ್ಪಲಿ, ಹೊದಿಕೆ. ಎಲ್ಲದರ ಮೇಲೆ ಆ ಹಳೆಯ ಸೀಟಿ.

ಮಧ್ಯಾಹ್ನ ಡ್ರಿಲ್ ಮೇಡಂ ನಡುಮನೆಯಲ್ಲಿ ಕಾಲು ನೀಡಿದ್ದರು. ಕನ್ನಡಕದವರು ಬಾಣಲೆಗಂಟಿದ ಇದ್ದಿಲನ್ನು ಉಜ್ಜುತ್ತಿದ್ದರು. ಒಂದು ತಟ್ಟೆ ಬ್ರೆಡ್ಡಿಗೆ ಎಷ್ಟೊಂದು ಪಾತ್ರೆ! ಬೆಣ್ಣೆ ಬಳಿದ ಚಾಕು, ಜೇನು ಅಂಟಿದ ಚಮಚ, ನಿಂಬೆಯ ಸಿಪ್ಪೆ, ಸೋಸಲೆಂದು ತೆಗೆದಿಟ್ಟು ಮರೆತ ಜರಡಿ. ಇಷ್ಟು ವರ್ಷ ಇವೆಲ್ಲ ಎಲ್ಲಿ ಅಡಗಿದ್ದವು? ತಾವು ಬಾಯಿ ಒರೆಸಿಕೊಂಡು ಹೊರಟ ಮೇಲೆ ಪ್ರತಿ ಬೆಳಿಗ್ಗೆ ಯಾರೋ ಹೀಗೆ ನಿಂತು ಉಜ್ಜಿ, ಕೈ ಒರೆಸಿಕೊಂಡು, ಓಡಿಹೋಗಿ ಗ್ರಂಥಾಲಯದ ಬಾಗಿಲು ತೆಗೆದಿದ್ದಾರೆ. ಅಂಗಡಿಯ ಯಾವ ಗಾಜೂ ಇಷ್ಟು ಸ್ಪಷ್ಟವಾಗಿ ಅವರಿಗೆ ಏನನ್ನೂ ತೋರಿಸಿರಲಿಲ್ಲ. ಅವರು ಬಾಣಲೆಯನ್ನು ಇನ್ನಷ್ಟು ಜೋರಾಗಿ ಉಜ್ಜಿದರು.

“ಕನ್ನಡಕದೋರೇ!” ನಡುಮನೆಯಿಂದ ಕೂಗು ಬಂತು. “ನಾಳೆ ತಿಂಡಿ ಏನು?”

“ಏನೂ ಇಲ್ಲ!” ಎಂದರು ಕನ್ನಡಕದವರು.

ಹೇಳಿದ ಮೇಲೆ ಅವರಿಗೇ ಆ ಮಾತು ಕೇಳಿಸಿತು. ಕೈಯಲ್ಲಿ ಸೋಪು ನೊರೆ ಹಾಗೇ ನಿಂತಿತು. ಬಾಗಿಲಲ್ಲಿ ಕೂತಿದ್ದ ಮನೆಯಾಕೆ ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡು, ಪ್ಲಾಸ್ಟರಿನ ಕೈ ಅಲುಗಾಡುವಷ್ಟು ನಗುತ್ತಿದ್ದರು.

ಕನ್ನಡಕದವರು ಕೈ ಒರೆಸಿಕೊಂಡು ಬಂದು ಆಕೆಯ ಪಕ್ಕದಲ್ಲಿ ನೆಲದ ಮೇಲೆಯೇ ಕೂತರು. ಥ್ಯಾಂಕ್ಸ್ ಹೇಳಬೇಕೆಂದಿದ್ದರು. ಇಷ್ಟು ವರ್ಷದ್ದೆಲ್ಲ ಒಟ್ಟಿಗೆ ಹೇಳಲು ಹೋಗಿ ಎಲ್ಲಿಂದ ಶುರು ಮಾಡುವುದೆಂದೇ ತಿಳಿಯಲಿಲ್ಲ. ಆದ್ದರಿಂದ, ಇಂಥ ಹೊತ್ತಿನಲ್ಲಿ ಗಂಡಂದಿರು ಏನು ಮಾಡುತ್ತಾರೋ ಅದನ್ನೇ ಮಾಡಿದರು. ಒಂದು ಪೆದ್ದು ಪ್ರಶ್ನೆ ಕೇಳಿದರು.

“ನಿಜ ಹೇಳು. ಅಷ್ಟೆಲ್ಲ ಕೆಮ್ಮಿ, ಪುಟ ತಿರುವಿ ನನ್ನ ಗೆಲ್ಲಿಸಿದ್ದು, ನನ್ನ ಬಿಟ್ಟಿರೋಕೆ ಆಗಲ್ಲ ಅಂತ ತಾನೇ?”

ಮನೆಯಾಕೆ ನಡುಮನೆಯ ಕಡೆ ಒಮ್ಮೆ ನೋಡಿ, ಗ್ರಂಥಾಲಯದ ದನಿಯಲ್ಲಿ ಪಿಸುಗುಟ್ಟಿದರು:

“ಅಕ್ಕ ಬೇಯ್ಸಿದ್ದಕ್ಕಿಂತ ನೀವು ಸೀಯ್ಸಿದ್ದೇ ವಾಸಿ.”