ಒಂದು ಬಸ್ಸಿಗಾಗಿ ತುಂಬಿದ ಫಾರಂಗಳು

ಫಾರಂ ಹಿಡಿದು ಮನೆಮನೆ ತಿರುಗುವವನಿಗೆ ಇಂಥದ್ದು ಆಗುತ್ತಲೇ ಇರುತ್ತದೆ. ಜನ ಕೇಳಿದ್ದೊಂದು ಬಿಟ್ಟು ಉಳಿದೆಲ್ಲ ಹೇಳುತ್ತಾರೆ. ಹತ್ತಾರು ವರ್ಷಗಳ ಹಿಂದೆ ಹಾವೇರಿಯಿಂದ ನನ್ನನ್ನು ಸಾರಿಗೆ ಸಮೀಕ್ಷೆಗೆ ಕಳಿಸಿದ್ದರು. ಆದಾಯ ಎಷ್ಟು, ಗಾಡಿ ಎಷ್ಟು, ಯಾರು ದಿನಾ ಎಲ್ಲಿಗೆ ಹೋಗುತ್ತಾರೆ ಎಂದು ಬರೆದುಕೊಂಡರೆ, ಅದನ್ನು ನೋಡಿ ನಮ್ಮ ಕಚೇರಿಯ ಸಾಹೇಬರು ಬಸ್ಸು ಬಿಡುತ್ತಾರೆ. ಮೆಣಸಿನಕಾಯಿ ತೊಟ್ಟು ಮುರಿಯಲು ಮೋಟೆಬೆನ್ನೂರಿನಿಂದ ಬ್ಯಾಡಗಿಗೆ ಹೋಗುವ ಹೆಂಗಸರು ಸರಕಿನ ಟೆಂಪೋದಲ್ಲಿ ನಿಂತು ಹೋಗುತ್ತಿದ್ದರು. ಅವರಿಗೆ ಬಸ್ಸು ಬರುವುದು ಬಿಡುವುದು ಈ ಫಾರಂ ಮೇಲೆ ನಿಂತಿತ್ತು.

೧. ಕುಪ್ಪೇಲೂರು

ರೈತರೊಬ್ಬರು ಚಹಾ ಕೊಟ್ಟು, ಎರಡು ಮೋಟಾರ್ ಸೈಕಲ್, ಒಂದು ಟ್ರ್ಯಾಕ್ಟರ್ ಬರೆಸಿದರು. ಅಂಗಳದಲ್ಲಿ ಒಂದು ಸೈಕಲ್ ಮಾತ್ರ ಇತ್ತು.

"ಗಾಡಿ ಎಲ್ಲದಾವ್ರಿ?"

"ತಮ್ಮ ಒಯ್ದಾನ್ರಿ."

ಮೂರನ್ನೂ ಒಬ್ಬನೇ ಒಯ್ದಿದ್ದ. ಸಹಿ ಹಾಕುವಾಗ ರೈತರು ಮೆಲ್ಲಗೆ ಕೇಳಿದರು: "ಎಲ್ಲಾ ಕೇಳಿದ್ರಿ. ಹುಡುಗಿ ಎಷ್ಟು ಓದ್ಯಾಳ ಅಂತ ಹೇಳಲೇ ಇಲ್ಲಲ್ರಿ?"

ಮಗನಿಗೆ ಕನ್ಯೆ ಹುಡುಕುತ್ತಿದ್ದರಂತೆ. ನಾನು ಹೆಣ್ಣಿನ ಕಡೆಯವನಲ್ಲ, ಬಸ್ಸಿನ ಕಡೆಯವನು ಎಂದೆ.

"ಹಂಗಾರ ಫಾರಂನ್ಯಾಗಿಂದ ಟ್ರ್ಯಾಕ್ಟರ್ ತೆಗೀರಿ" ಎಂದರು.

೨. ಮೋಟೆಬೆನ್ನೂರು, ಹಗಲು

ಕಟ್ಟೆಯ ಮೇಲೆ ಕೂತಿದ್ದ ಯಜಮಾನರನ್ನು ಕೇಳಿದೆ: "ನಿಮ್ಮ ಮನಿಯವರು ದಿನಾ ಎಲ್ಲಿಗೆ ಹೋಗ್ತಾರ್ರಿ?"

"ಆಕಿ ಎಲ್ಲಿಗೂ ಹೋಗೂದಿಲ್ರಿ."

"ಈಗ ಮನ್ಯಾಗ ಅದಾರೇನ್ರಿ?"

"ಇಲ್ರಿ, ಬ್ಯಾಡಗಿಗೆ ಹೋಗ್ಯಾಳ. ದಿನಾ ಹೋಗ್ತಾಳ."

"ಮತ್ತ ಇಲ್ಲಂದ್ರಿ?"

"ಅದು ದುಡಿಮಿರಿ. ತಿರುಗಾಡಾಕ ಎಲ್ಲಿಗೂ ಕಳ್ಸೂದಿಲ್ಲ ನಾನು."

ಆ ಓಣಿಯ ಗಂಡಸರೆಲ್ಲ ‘ಎಲ್ಲಿಗೂ ಹೋಗುವುದಿಲ್ಲ’ ಎಂದೇ ಬರೆಸಿದ್ದರು. ಊರಿನ ಹೆಂಗಸರ್ಯಾರೂ ಹೊಸ್ತಿಲು ದಾಟುವುದಿಲ್ಲ, ಬಸ್ಸು ಬೇಡ ಎಂದು ಸಾಹೇಬರು ತೀರ್ಮಾನಿಸಿದರು.

೩. ಮೋಟೆಬೆನ್ನೂರು, ಸಂಜೆ

ಸಾಹೇಬರನ್ನು ಒಪ್ಪಿಸಿ, ಟೆಂಪೋ ಮರಳುವ ಹೊತ್ತಿಗೆ ಮತ್ತೆ ಹೋದೆ. ಯಜಮಾನರ ಹೆಂಡತಿಯೇ ಓಣಿಯ ಹೆಂಗಸರನ್ನೆಲ್ಲ ಕೂಡಿಸಿ ಬರೆಸಿದರು. "ನಿಂತು ನಿಂತು ಮೊಣಕಾಲು ಹೋದ್ವು. ಬಸ್ ಬಿಡ್ರಿ ಲಗೂನ."

ಒಂದು ವಾರ ಬಸ್ಸು ಓಡಿಸಿ ನೋಡೋಣ, ಜನ ಹತ್ತದಿದ್ದರೆ ರದ್ದು ಎಂದರು ಸಾಹೇಬರು. ಮೊದಲ ದಿನ ಬಸ್ಸು ಖಾಲಿ, ಟೆಂಪೋ ತುಂಬಿತ್ತು. ಅದರಲ್ಲಿ ಯಜಮಾನರ ಹೆಂಡತಿಯೇ ಮುಂದೆ ನಿಂತಿದ್ದರು, ಅವರ ಹಿಂದೆ ಓಣಿಯ ಹೆಂಗಸರೆಲ್ಲ.

"ಯಾಕವ್ವಾ, ಬಸ್ ಹತ್ತಲಿಲ್ಲ?"

"ಹೆಂಗ ಹತ್ಲೆಪಾ? ಟೆಂಪೋ ಓಡ್ಸಾಂವ ನನ್ನ ಅಳಿಯ. ಅವನ ಮುಂದ ಬ್ಯಾರೆ ಗಾಡಿ ಹತ್ತಿದ್ರ ಮಗಳನ್ನ ತವರಿಗೆ ಕಳಸ್ತಾನೇನು?"

ಫಾರಂನಲ್ಲಿ ಆದಾಯಕ್ಕೆ, ಓದಿಗೆ, ಗಾಡಿಗೆ ಕಾಲಂ ಇತ್ತು, ಅಳಿಯನಿಗೆ ಇರಲಿಲ್ಲ.

ಬಸ್ಸು ರದ್ದಾಗಲು ಎರಡು ದಿನ ಉಳಿದಾಗ ನೋಡಿದರೆ, ಬಸ್ಸಿನಲ್ಲಿ ಸೀಟಿಲ್ಲ. ಹಿಂದೆಯೇ ಟೆಂಪೋ ಬರುತ್ತಿತ್ತು. ಅದರ ತುಂಬ ಬುತ್ತಿಗಂಟು.

ಆಕೆ ಕಿಟಕಿಯಿಂದ ಹೇಳಿದರು: "ಬುತ್ತಿಗೂ ಪೂರಾ ಬಾಡಿಗಿ ಕೊಟ್ಟೇವಪಾ. ಅಳಿಯನ ಮರ್ಯಾದಿ, ನಮ್ಮ ಮೊಣಕಾಲು, ಎರಡೂ ಉಳಿಬೇಕಲ್ಲ."

ಇದನ್ನು ಯಾವ ಕಾಲಂನಲ್ಲಿ ಬರೆಯಲಿ ಎಂದು ಸಾಹೇಬರಿಗೆ ಫೋನು ಮಾಡಿದೆ. ಅವರು ಕೇಳಿದರು:

"ಬುತ್ತಿ ಕುಂತು ಹೊಂಟಾವೋ, ನಿಂತೋ?"