ಐಸ್ ನೀರೂ ನನ್ನ ಕಾನೂನು ಜ್ಞಾನವೂ

ಸಂಚಾರ ಕಾನೂನಿನಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ನಿಯಮಗಳೆಲ್ಲ ನನಗೆ ಬಾಯಿಪಾಠ. ಆಸ್ಪತ್ರೆಯ ಎದುರು ಹಾರ್ನ್ ಹಾಕಬಾರದು. ಇನ್ನೊಬ್ಬರ ಗಾಡಿ ಹೊರಗೆ ಬಾರದಂತೆ ನಮ್ಮದನ್ನು ನಿಲ್ಲಿಸಬಾರದು. ಮೀನು ಸಾಗಿಸುವಾಗ ಅದರ ನೀರು ರಸ್ತೆಗೆ ಬೀಳಬಾರದು. ನಿವೃತ್ತನಾದ ಮೇಲೆ ಇವನ್ನು ಊರಿಗೆ ತಿಳಿಸುವ ಹೊಣೆಯನ್ನು ನಾನೇ ಹೊತ್ತುಕೊಂಡೆ. ಯಾರೂ ಕೇಳಿರಲಿಲ್ಲ!

ಎರಡು ವರ್ಷದ ಹಿಂದೆ ನೀರು ಸೋರುತ್ತಿದ್ದ ಒಂದು ಮೀನಿನ ಟೆಂಪೋದ ಫೋಟೋ ತೆಗೆದು ಪೊಲೀಸರಿಗೆ ಕಳಿಸಿದೆ. ಅದು ನನ್ನ ತಂಗಿ ಪುಷ್ಪಾಳ ಗಂಡನ ಹೊಸ ಟೆಂಪೋ ಎಂದು ನನಗೇನು ಗೊತ್ತು? ಟೆಂಪೋ ದಿನವಿಡೀ ಠಾಣೆಯಲ್ಲಿ ನಿಂತು, ಒಳಗಿನ ಬಂಗುಡೆ ಮೀನೆಲ್ಲ ಹಾಳಾಯಿತು. ಅಂದಿನಿಂದ ಪುಷ್ಪಾ ನನ್ನೊಂದಿಗೆ ಮಾತು ಬಿಟ್ಟಳು. ಒಡಹುಟ್ಟಿದವಳೆಂದು ನನಗಿರುವುದು ಅವಳೊಬ್ಬಳೇ. ಕಾನೂನು ನನ್ನ ಕಡೆಗಿತ್ತು, ಆದರೆ ಹಬ್ಬದ ದಿನ ಊಟ ಸೇರುತ್ತಿರಲಿಲ್ಲ.

ಕೊನೆಗೆ ಕಳೆದ ಭಾನುವಾರ, ಅತ್ತಾವರದಲ್ಲಿರುವ ಅವಳ ಮನೆಗೆ ನಾನೇ ಹೋಗುವುದೆಂದು ತೀರ್ಮಾನಿಸಿದೆ. ಅವಳಿಗೆ ಪ್ರಿಯವಾದ ಕಾಣೆ ಮೀನು ಕೊಂಡು, ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ತುಂಬಿ, ಸ್ಕೂಟರಿನಲ್ಲಿ ಕಾಲಿನ ಹತ್ತಿರ ಇಟ್ಟೆ.

"ಮೀನಿನ ವ್ಯಾಪಾರಿಯ ಮನೆಗೆ ಮೀನು ತೆಗೊಂಡು ಹೋಗುವುದಾ? ಡಬ್ಬಿಯ ಮೂಲೆ ಬೇರೆ ಒಡೆದುಂಟು" ಎಂದಳು ಹೆಂಡತಿ ಸುಮತಿ.

"ಅರ್ಧ ಗಂಟೆಯ ದಾರಿ. ಎಂತ ಆಗುವುದಿಲ್ಲ, ನೀನು ಹಿಂದೆ ಕೂತ್ಕೋ."

ನಂತೂರಿನಲ್ಲಿ ಪೊಲೀಸರು ಕೈ ಅಡ್ಡ ಹಿಡಿದರು. ನಿಯಮಬದ್ಧವಾಗಿ ಬ್ರೇಕ್ ಹಾಕಿದೆ. ಡಬ್ಬಿ ವಾಲಿ, ಅಷ್ಟೂ ನೀರು ರಸ್ತೆಗೆ ಹೋಯಿತು. ಪಕ್ಕದಲ್ಲಿ ಸ್ಕೂಟರ್ ನಿಲ್ಲಿಸಲು ಬಂದ ಹುಡುಗಿಯೊಬ್ಬಳು ಅದರ ಮೇಲೆ ಕಾಲಿಟ್ಟು, ಗಾಡಿಸಮೇತ ಮಗುಚಿ ಬಿದ್ದಳು. ಮೊಣಕಾಲು ತರಚಿ ರಕ್ತ ಬಂತು. ಹಿಂದೆಯೇ ಒಂದು ಲಾರಿ ಇತ್ತು. ಅದು ನಿಂತೇ ಇತ್ತು, ದೇವರು ದೊಡ್ಡವನು. ಆ ನಿಯಮವನ್ನು ಯಾಕೆ ಮಾಡಿದ್ದಾರೆಂದು ಬಾಯಿಪಾಠ ಮಾಡಿದ್ದ ನನಗೆ ಆಗಲೇ ಅರ್ಥವಾದದ್ದು.

"ಮೀನಿನ ನೀರು ರೋಡಿಗೆ ಬಿಡಬಾರದು, ಗೊತ್ತಿಲ್ವಾ?" ಎಂದರು ಪೊಲೀಸಿನವರು.

"ಗೊತ್ತುಂಟು ಸಾರ್. ಅದು ಮೀನಿನ ಗಾಡಿಗಳಿಗೆ."

"ಹಾಗಾದ್ರೆ ಇದರಲ್ಲಿ ಎಂತ ಉಂಟು, ಮಲ್ಲಿಗೆಯಾ?"

ಹುಡುಗಿಯ ಗಾಯಕ್ಕೆ ಪಟ್ಟಿ ಕಟ್ಟಿಸಿ, ಕ್ಷಮೆ ಕೇಳಿ, ರಸ್ತೆಗೆ ಮಣ್ಣು ಹಾಕುತ್ತಿದ್ದೆ. ಅಷ್ಟರಲ್ಲಿ ಸುಮತಿ ಫೋನು ಹಚ್ಚಿದ್ದಳು.

"ಪುಷ್ಪಾ, ನಿನ್ನ ಅಣ್ಣನನ್ನು ಪೊಲೀಸರು ಹಿಡಿದಿದ್ದಾರೆ ಮಾರಾಯ್ತಿ. ಎಂತಕ್ಕಾ? ಮೀನಿನ ನೀರಿಗೆ!"

ಆ ಕಡೆಯಿಂದ ಎದ್ದ ನಗು ಪೊಲೀಸಿನವರಿಗೂ ಕೇಳಿಸಿತು. ನಕ್ಕು ನಕ್ಕು ಸುಸ್ತಾದ ಮೇಲೆ, "ಅವನಿಗೆ ಊಟಕ್ಕೆ ಬರ್ಲಿಕ್ಕೆ ಹೇಳಿ ಅತ್ತಿಗೆ" ಎಂದಳು ತಂಗಿ. ನನ್ನ ಕಣ್ಣು ತುಂಬಿತು. ಐಸಿನ ತಂಪಿಗೆ ಎಂದು ಪೊಲೀಸರಿಗೆ ಹೇಳಿದೆ.

ಅತ್ತಾವರದಲ್ಲಿ ಪುಷ್ಪಾ ಡಬ್ಬಿ ತೆರೆದು, ಒಂದು ಮೀನಿನ ಕಿವಿರು ಎತ್ತಿ ನೋಡಿ ಮೂಗು ಮುಚ್ಚಿಕೊಂಡಳು.

"ಯಾರು ಕೊಟ್ಟದ್ದು ಅಣ್ಣಾ ಇದು? ಮೂರು ದಿನದ್ದು!"

ಕಡಲಿಗೆ ಹೋಗುವವರ ಮನೆಯಲ್ಲಿ ಹುಟ್ಟಿದ ನನಗೆ ಮೀನು ನೋಡಲೂ ಬರುವುದಿಲ್ಲವೆಂದು ಹೀಗೆ ಬಹಿರಂಗವಾಯಿತು. ನನಗೆ ಬೇಸರವಾಗಲಿಲ್ಲ. ಅವಳ ಬಾಯಲ್ಲಿ 'ಅಣ್ಣಾ' ಎಂದು ಕೇಳಿ ಎರಡು ವರ್ಷವಾಗಿತ್ತು. ಊಟಕ್ಕೆ ಭಾವ ತಂದ ಬಂಗುಡೆ ಬಡಿಸಿದರು. ನನ್ನ ಕಾಣೆಯನ್ನು ಅವರ ಮನೆಯ ಬೆಕ್ಕು ಒಮ್ಮೆ ಮೂಸಿ ನೋಡಿ, ನನ್ನ ಮುಖವನ್ನೂ ನೋಡಿ, ಹೊರಗೆ ಹೋಯಿತು.