ಕೊಟ್ಟೂರಪ್ಪನವರ ಕ್ಯಾಮ್‌ಶಾಫ್ಟ್

ಕೊಟ್ಟೂರಪ್ಪನವರ ಕಾರು ಹೆದ್ದಾರಿಯಲ್ಲಿ ಕೆಟ್ಟು ನಿಂತಿದ್ದರೆ ಅದು ಹೆದ್ದಾರಿಯವರ ಪಾಡಾಗುತ್ತಿತ್ತು. ಅದು ಬೆಳಗ್ಗೆ ದಾವಣಗೆರೆಯ ವಿನೋಬನಗರದಲ್ಲಿ, ಸರಿಯಾಗಿ ರುದ್ರಮುನಿಯ ಗ್ಯಾರೇಜಿನ ಎದುರಿಗೇ ನಿಂತಿತು. ಹಾಗಾಗಿ ರುದ್ರಮುನಿಯ ಪಾಡಾಯಿತು.

ಕೊಟ್ಟೂರಪ್ಪ ಬರೀ ಕಾರಿನ ಮಾಲೀಕರಲ್ಲ. ರುದ್ರಮುನಿಯ ಗ್ಯಾರೇಜು, ಪಕ್ಕದ ಪುಟ್ಟಕ್ಕನ ಮಂಡಕ್ಕಿ ಮೆಣಸಿನಕಾಯಿ ಅಂಗಡಿ, ಅದರಾಚೆ ನಬೀ ಸಾಬರ ವೆಲ್ಡಿಂಗ್ ಶಾಪು, ಮೂರೂ ನಿಂತಿದ್ದ ಜಾಗ ಅವರದೇ. ಬಾಡಿಗೆ ಕರಾರು ಮುಗಿದು ವರ್ಷವಾಗಿತ್ತು. ಹೊಸ ಕರಾರಿನ ಮಾತೆತ್ತಿದರೆ ಅವರು "ನೋಡೋಣ ಬಿಡು" ಎನ್ನುತ್ತಿದ್ದರು. ಆ ಧಾಟಿಯಲ್ಲಿ ಡಾಕ್ಟರು ಮಾತಾಡಿದರೆ ರೋಗಿಯ ಕಡೆಯವರು ಊರಿಗೆ ಫೋನು ಮಾಡುತ್ತಾರೆ.

ರುದ್ರಮುನಿ ಎಂಜಿನ್ ಬಿಚ್ಚಿ ನೋಡಿದ. ಕ್ಯಾಮ್‌ಶಾಫ್ಟ್ ಹೋಗಿತ್ತು. ಎಂಜಿನ್ನಿನ ತಲೆಯ ಮೇಲೆ ಮಲಗಿ ತಿರುಗುತ್ತ, ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆಸಿ ಮುಚ್ಚಿಸುವ ಸಲಾಕೆ ಅದು. ಅದರ ಉಬ್ಬುಗಳು ಹಳೆಯ ಚಪ್ಪಲಿಯ ಹಿಮ್ಮಡಿಯ ಹಾಗೆ ಸವೆದಿದ್ದವು. ಎರಡು ದಿನ ಬೇಕು ಎಂದ.

"ಎರಡು ದಿನ ಯಾರಿಗೆ ಐತೆ?" ಎಂದರು ಕೊಟ್ಟೂರಪ್ಪ. "ಇವತ್ತ ಸಂಜಿಗೆ ಹರಿಹರದಾಗ ಒಂದು ಮಾತುಕತೆ ಐತೆ. ನಾಳೆ ಅಮಾವಾಸ್ಯೆ."

ಆಟೋದಲ್ಲಿ ಹೋಗಬಹುದಲ್ಲ ಎಂದು ರುದ್ರಮುನಿ ಮೆಲ್ಲಗೆ ಕೇಳಿದ. ಮಾತುಕತೆಗೆ ಹೋದವನು ಆಟೋದಿಂದ ಇಳಿದರೆ ಎದುರಿನವರು ಆಟೋದ ಬೆಲೆಯನ್ನೇ ಕೊಡುತ್ತಾರೆ ಎಂದು ಅವರು ತಿಳಿಹೇಳಿ ಹೋದರು.

ಪುಟ್ಟಕ್ಕ ಎಣ್ಣೆಯಲ್ಲಿ ಮೆಣಸಿನಕಾಯಿ ತಿರುವುತ್ತಲೇ ತೀರ್ಪು ಕೊಟ್ಟಳು. ಹರಿಹರ, ಮಾತುಕತೆ, ಅಮಾವಾಸ್ಯೆಗೆ ಮೊದಲು, ಇನ್ನೇನು ಬೇಕು? ಮಗಳು ರೂಪಶ್ರೀಗೆ ಗಂಡು ನೋಡಿದ್ದಾರೆ. ಆ ಬಾಣಲೆ ಇಳಿಯುವಷ್ಟರಲ್ಲಿ ಗಂಡಿಗೆ ಎಂಜಿನಿಯರ್ ಕೆಲಸವೂ ಸಿಕ್ಕಿತು. ನಬೀ ಸಾಬರು ತಮ್ಮ ಪಾಲಿಗೆ ಒಂದು ಪೆಟ್ರೋಲ್ ಬಂಕ್ ಸೇರಿಸಿದರು.

"ಮಗಳ ಮದುವಿ ಗಟ್ಟಿ ಆದ ದಿನ ಅಪ್ಪ ಅನ್ನೋನು ಯಾರಿಗೂ ಇಲ್ಲ ಅನ್ನಲ್ಲ ರುದ್ರಣ್ಣ," ಎಂದರು ಸಾಬರು. "ಸಂಜಿಗೆ ಮೂರೂ ಮಂದಿ ಕರಾರಿನ ಮಾತು ತೆಗೆದುಬಿಡು."

ಹೀಗೆ ಮೂರು ಸಂಸಾರಗಳ ಭವಿಷ್ಯ ರುದ್ರಮುನಿಯ ಸ್ಪ್ಯಾನರಿನ ತುದಿಗೆ ಬಂದು ಕೂತಿತು.

ಬಿಡಿಭಾಗದ ಅಂಗಡಿಯಿಂದ ಹೊಸ ಶಾಫ್ಟ್ ತಂದ. ಪುಟ್ಟಕ್ಕ ಅದಕ್ಕೆ ಕುಂಕುಮವಿಟ್ಟಳು, ಅವನು ಒರೆಸಿದ. ಹಳೆಯದರ ತುದಿಯ ಗಾಲಿ ಬಿಚ್ಚಬೇಕಾದರೆ ಶಾಫ್ಟು ತಾನೂ ಜೊತೆಗೆ ತಿರುಗುತ್ತದೆ. ನಡುವಿನ ಆರು ಮೂಲೆಯ ಭಾಗಕ್ಕೆ ಸ್ಪ್ಯಾನರ್ ಕೊಟ್ಟು ಅಲುಗದಂತೆ ಹಿಡಿಯಬೇಕು. ಹಿಡಿಯುವುದು ಹೇಗೆ ಎಂಬುದರ ಬಗ್ಗೆ ಇಡೀ ಬೀದಿಗೆ ಅಭಿಪ್ರಾಯವಿತ್ತು. ಹೇಳಿದರೆ ಒಂದು ಹಿಡಿಕೆ ವೆಲ್ಡ್ ಮಾಡಿಕೊಡುತ್ತೇನೆ ಎಂದರು ನಬೀ ಸಾಬರು. ಕಾಟನ್ ಮಿಲ್ಲಿನಿಂದ ನಿವೃತ್ತರಾಗಿ, ದಿನಾ ಬೆಳಗ್ಗೆ ಗ್ಯಾರೇಜಿನ ಬೆಂಚಿನಲ್ಲಿ ಕೂತು ರುದ್ರಮುನಿಯ ಪೇಪರ್ ಓದುವ ವಾಮದೇವಪ್ಪನವರು, ತಮ್ಮ ಮಿಲ್ಲಿನಲ್ಲಿ ತೆಂಗಿನ ಮರದಷ್ಟು ದಪ್ಪದ ಶಾಫ್ಟನ್ನು ಬರಿಗೈಲಿ ಹಿಡಿಯುತ್ತಿದ್ದರು ಎಂದರು.

ರುದ್ರಮುನಿ ಯಾರ ಮಾತಿಗೂ ಕಿವಿಗೊಡದೆ ಹಳೆಯದನ್ನು ತೆಗೆದು ಹೊಸದನ್ನು ಮಲಗಿಸಿದ. ಮೇಲಿನ ಕ್ಯಾಪುಗಳನ್ನು ನಡುವಿನಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ಬಿಗಿಮಾಡುತ್ತ ಬರಬೇಕು. ಕೆಳಗಿನಿಂದ ಸ್ಪ್ರಿಂಗುಗಳು ಒತ್ತುತ್ತಿರುತ್ತವೆ, ಒಂದೇ ಕಡೆ ಬಿಗಿದರೆ ಶಾಫ್ಟು ಉಳಿಯುವುದಿಲ್ಲ. ಅರ್ಧ ಬಿಗಿಯಾಗುವ ಹೊತ್ತಿಗೆ ಕಾರು ಎಲ್ಲಿಗೆ ಬಂತೆಂದು ಕೊಟ್ಟೂರಪ್ಪನವರ ಫೋನು ಬಂತು. ತಗಡಿನ ಚಾವಣಿಯ ಕೆಳಗೆ ಸರಿಯಾಗಿ ಕೇಳಿಸದೆ ಅವನು ರಸ್ತೆಗೆ ಹೋಗಿ ಮಾತಾಡಿ ಬಂದ.

ಬಂದಾಗ ವಾಮದೇವಪ್ಪನವರ ಕೈಯಲ್ಲಿ ಸ್ಪ್ಯಾನರ್ ಇತ್ತು.

"ಈ ಕಡೀದು ಸಡಿಲ ಇತ್ತಪ್ಪ. ನಿನಗೂ ಕೆಲಸ ಹಗುರ ಆಗ್ಲಿ ಅಂತ..."

ಒಳಗಿನಿಂದ ಟಕ್ ಎಂದಿತು. ಹೊಸ ಕ್ಯಾಮ್‌ಶಾಫ್ಟ್ ಸುಟ್ಟ ಹಪ್ಪಳದಂತೆ ಎರಡು ತುಂಡಾಗಿತ್ತು. ವಾಮದೇವಪ್ಪನವರು ಸ್ಪ್ಯಾನರನ್ನು ಇದ್ದಲ್ಲೇ ಇಟ್ಟು, ಈಗಿನ ಮಾಲೇ ಸರಿ ಇಲ್ಲ ಎಂದು ಪೇಪರ್ ಎತ್ತಿಕೊಂಡರು.

ದಾವಣಗೆರೆಯಲ್ಲಿ ಇನ್ನೊಂದು ಸಿಗಲಿಲ್ಲ. ಹರಿಹರದ ಪಕ್ಕದ ಗುತ್ತೂರಿನ ಗುಜರಿ ವ್ಯಾಪಾರಿ ಅಕೀಬನ ಬಳಿ, ಅಪಘಾತವಾದ ಕಾರಿನದೊಂದು ಇದೆಯೆಂದು ಗೊತ್ತಾಗಿ ರುದ್ರಮುನಿ ಬಸ್ಸು ಹತ್ತಿದ. ಹೋಗುವಾಗ ಸಮಸ್ಯೆಯಿರಲಿಲ್ಲ. ಬರುವಾಗ ಇತ್ತು. ಎರಕದ ಕಬ್ಬಿಣ, ಬಿದ್ದರೆ ಮುರಿಯುತ್ತದೆ, ತಾಗಿದರೆ ಗೀರು ಬೀಳುತ್ತದೆ. ತನ್ನ ಬಿಳಿ ಟವೆಲ್ಲಿನಲ್ಲಿ ಸುತ್ತಿ, ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದು, ರಸ್ತೆಯಲ್ಲಿ ಹಂಪು ಬಂದಾಗಲೆಲ್ಲ ಎದೆಯ ಮಟ್ಟಕ್ಕೆ ಎತ್ತುತ್ತ ಕೂತ. ಪಕ್ಕದ ಹೆಂಗಸು ಬಹಳ ಹೊತ್ತು ನೋಡಿ, ಸೆರಗು ಸರಿಮಾಡಿಕೊಂಡು, ದನಿ ತಗ್ಗಿಸಿ ಕೇಳಿದಳು:

"ಮಂದಿ ಅಸ್ಥಿನ ಹರಿಹರಕ್ಕ ತಂದು ಹೊಳಿಗೆ ಬಿಡ್ತಾರ. ನೀವು ಯಾಕ ವಾಪಸ್ ಒಯ್ತೀರಿ?"

ಇದು ಎಂಜಿನ್ ಸಾಮಾನು ಎಂದ ಅವನು. ದುಃಖದಲ್ಲಿ ಜನ ಏನೇನೋ ಮಾತಾಡುತ್ತಾರೆ ಎಂಬಂತೆ ತಲೆಯಾಡಿಸಿ ಅವಳು ಬೇರೆ ಸೀಟಿಗೆ ಹೋದಳು.

ಈ ಸಲ ನಬೀ ಸಾಬರು ವಾಮದೇವಪ್ಪನವರನ್ನು ಚಹಾಕ್ಕೆ ಕರೆದೊಯ್ದು, ಅದು ಮುಗಿದಾಗ ಇನ್ನೊಂದು ಕುಡಿಸಿದರು. ರುದ್ರಮುನಿ ಫೋನನ್ನು ಪುಟ್ಟಕ್ಕನ ಮಂಡಕ್ಕಿ ಚೀಲದಲ್ಲಿ ಹೂತಿಟ್ಟ. ಎಣ್ಣೆ ಸವರಿ, ಕ್ಯಾಪುಗಳನ್ನು ಒಂದೊಂದಾಗಿ ಬಿಗಿದು, ಬೆಲ್ಟಿನ ಗುರುತು ಕೂಡಿಸಿ, ಕೈಯಿಂದಲೇ ಎಂಜಿನ್ ತಿರುಗಿಸಿ ನೋಡಿದ ಮೇಲೆಯೇ ಕೀಲಿ ತಿರುಗಿಸಿದ. ಕಾರು ಹಾಲು ಕುಡಿದ ಬೆಕ್ಕಿನಂತೆ ಗುರುಗುಟ್ಟಿತು. ಪುಟ್ಟಕ್ಕ ನಿಂಬೆಹಣ್ಣು ನಿವಾಳಿಸಿದಳು. ಇಸ್ತ್ರಿಯ ಬಿಳಿ ಅಂಗಿಯಲ್ಲಿ ಕೊಟ್ಟೂರಪ್ಪ ಹರಿಹರಕ್ಕೆ ಹೊರಟಾಗ, ಮಾತುಕತೆ ಗಟ್ಟಿಯಾಗಲಿ ಎಂದು ಮೂವರೂ ತಮ್ಮ ತಮ್ಮ ದೇವರಿಗೆ ಕೈಮುಗಿದರು.

ದೀಪ ಹಚ್ಚುವ ಹೊತ್ತಿಗೆ ಕಾರು ಮರಳಿತು. ಕೊಟ್ಟೂರಪ್ಪ ಗಾಜಿಳಿಸಿ ರುದ್ರಮುನಿಯೊಬ್ಬನನ್ನೇ ಹತ್ತಿರ ಕರೆದು ಪೇಡೆಯ ಡಬ್ಬಿ ಕೈಗಿಟ್ಟರು.

"ಮಾತು ಗಟ್ಟಿ ಆತು. ತಿನ್ನು."

ಅವನು ಒಂದನ್ನು ಬಾಯಿಗೆ ಹಾಕಿಕೊಂಡು, ಇದೇ ಹೊತ್ತೆಂದು, ಸಾಹುಕಾರ್ರೆ, ನಮ್ಮ ಮೂರು ಮಂದಿಯ ಕರಾರು ಎಂದು ಶುರುಮಾಡಿದ.

"ಅದನ್ನ ಹೇಳಾಕ ಬಂದೆ," ಎಂದರು ಅವರು. "ಈ ಜಾಗ ಕೊಟ್ಟುಬಿಟ್ಟೆ. ಹರಿಹರದ ಪಾರ್ಟಿ. ಕಾರಿನ ದೊಡ್ಡ ಸರ್ವೀಸ್ ಸೆಂಟರ್ ಕಟ್ತಾರಂತೆ, ಎಲ್ಲಾ ಮಿಷಿನ್ನು. ಮುಂದಿನ ತಿಂಗಳು ಖಾಲಿ ಮಾಡ್ರಿ."

ರುದ್ರಮುನಿ ಬಾಯಲ್ಲಿದ್ದ ಪೇಡೆಯನ್ನು ಹಾಗೇ ನುಂಗಿದ. ಕೊಟ್ಟೂರಪ್ಪ ಅವನ ಭುಜ ತಟ್ಟಿದರು.

"ಇವತ್ತ ಹೋಗದಿದ್ರೆ ಅವರು ಬ್ಯಾರೆ ಜಾಗಕ್ಕ ಮುಂಗಡ ಕೊಡೋರಿದ್ರು. ನೀನು ಗಾಡಿ ಎಬ್ಬಿಸಿದ್ದಕ್ಕ ಆತು ನೋಡು. ನಿನ್ನ ಉಪಕಾರ ಮರೆಯಲ್ಲ. ಉಳಿದೋರಿಗೂ ನೀನ ಹೇಳಿಬಿಡು."

ಕಾರು ಎಲ್ಲೂ ತಡವರಿಸದೆ ಹೊರಟುಹೋಯಿತು. ಡಬ್ಬಿ ಕಂಡದ್ದೇ ಪುಟ್ಟಕ್ಕ ಕೈ ಒರೆಸಿಕೊಳ್ಳುತ್ತ ಬಂದಳು. ಹಿಂದೆಯೇ ನಬೀ ಸಾಬರು.

"ಗಟ್ಟಿ ಆತೇನು?"

"ಆತಂತೆ, ಅಕ್ಕ."

"ಯಾವಾಗಂತೆ?"

"ಮುಂದಿನ ತಿಂಗಳು," ಎಂದ ರುದ್ರಮುನಿ. "ನಾವು ಮೂರೂ ಮಂದಿ ಹೊರಡಬೇಕಂತೆ."

ಸಾಹುಕಾರ್ರು ನಮ್ಮನ್ನು ಬಿಟ್ಟು ಮದುವೆ ಮಾಡುವವರಲ್ಲ, ನನಗೆ ಗೊತ್ತಿತ್ತು ಎಂದು ಪುಟ್ಟಕ್ಕ ಎರಡು ಪೇಡೆ ತೆಗೆದುಕೊಂಡಳು. ನಬೀ ಸಾಬರು ಖುಷಿಯಿಂದ ಗಡ್ಡ ನೀವಿಕೊಂಡರು.

"ಹಂಗಾದ್ರೆ ಮೂರೂ ಮನಿಗೆ ಸೇರಿ ಒಂದು ಟೆಂಪೋ ಹೇಳಿಬಿಡಾಣೇನು?"

ರುದ್ರಮುನಿ ತನ್ನ ಗ್ಯಾರೇಜಿನ ಕಡೆ ನೋಡಿದ, ಸಾಬರ ಶಾಪಿನ ಕಡೆ ನೋಡಿದ.

"ಒಂದು ಟೆಂಪೋ ಸಾಲಲ್ಲ ಸಾಬ್ರೆ," ಎಂದ. "ಸಾಮಾನು ಬಾಳ ಐತೆ."